ಡರ್ಬಿಶೈರಿನಲ್ಲಿ ಬಾವಿ ಸಿಂಗರಿಸಲು ಹೋಗುವ ಮೊದಲು

ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಎಲ್ಲರೂ ಹೇಳುವ ಮಾತೊಂದಿದೆ: ಇಲ್ಲಿಯವರು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಮೊದಲ ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಬೇಲಿಯಾಚೆಯ ಅಜ್ಜಿಯೊಂದಿಗೆ ಮಳೆಯ ವಿಚಾರ ಎರಡು ಮಾತನಾಡಿ ಒಳಗೆ ಬಂದು ಬಾಗಿಲು ಹಾಕಿಕೊಂಡರೆ ಆ ದಿನದ ಬಳಕೆ ಮುಗಿಯಿತು. ಮೂರನೆಯ ವರ್ಷ ಜುಲೈಯಲ್ಲಿ, ಚರ್ಚಿನ ಪಕ್ಕದ ಫಲಕದಲ್ಲಿ ‘ಬಾವಿ ಸಿಂಗಾರಕ್ಕೆ ಹೂವಿನ ದಳ ಅಂಟಿಸಲು ಜನ ಬೇಕು’ ಎಂಬ ಚೀಟಿ ನೋಡಿ ಸುಮ್ಮನೆ ಆ ಕೆಲಸಕ್ಕೆ ಹೋದೆ. ಆಗ ಗೊತ್ತಾಯಿತು, ಇವರನ್ನು ಎದುರು ನಿಂತು ಮಾತನಾಡಿಸಬಾರದು. ಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತಿರಬೇಕು, ಮಾತು ತಾನಾಗಿ ಬರುತ್ತದೆ. ಹೋಗುವ ಮನಸ್ಸಿದ್ದವರಿಗೆ ನಾನು ಮಾಡಿದ ತಪ್ಪುಗಳು ಉಪಯೋಗಕ್ಕೆ ಬರಲಿ.

ಡರ್ಬಿಶೈರಿನ ಗುಡ್ಡಗಾಡು ಹಳ್ಳಿಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಒಂದೊಂದು ಊರು ಒಂದೊಂದು ವಾರ, ಬಾವಿ ಮತ್ತು ಒರತೆಗಳ ಮುಂದೆ ದೊಡ್ಡ ಚಿತ್ರ ನಿಲ್ಲಿಸುತ್ತವೆ. ಮರದ ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ದಳ, ಎಲೆ, ಪಾಚಿ, ಕಾಳು ಒತ್ತಿ ಮಾಡಿದ ಚಿತ್ರ. ಹೆಸರು ವೆಲ್ ಡ್ರೆಸ್ಸಿಂಗ್. ಟಿಸ್ಸಿಂಗ್ಟನ್ ಎಂಬ ಹಳ್ಳಿಯದು ಎಲ್ಲಕ್ಕಿಂತ ಪ್ರಸಿದ್ಧ. ಈಸ್ಟರ್ ಕಳೆದು ಆರನೆಯ ಗುರುವಾರ, ಯೇಸು ಸ್ವರ್ಗಕ್ಕೇರಿದ ನೆನಪಿನ ಅಸೆನ್ಶನ್ ದಿನ, ಅಲ್ಲಿ ಆರಂಭ. 1349ರ ಸುಮಾರಿಗೆ ಮಹಾಮಾರಿ ಪ್ಲೇಗ್ ಬಂದಾಗ ಊರನ್ನು ಕಾಪಾಡಿದ್ದು ಈ ನೀರು ಎನ್ನುವವರಿದ್ದಾರೆ. ಅಲ್ಲ, 1615ರ ಬರಗಾಲದಲ್ಲೂ ಬತ್ತದೆ ಉಳಿದದ್ದಕ್ಕೆ ಸಲ್ಲಿಸುವ ಕೃತಜ್ಞತೆ ಎನ್ನುವವರೂ ಇದ್ದಾರೆ. ಯಾವುದು ನಿಜ ಎಂದು ಊರಿನವರ ನಡುವೆ ಕುಳಿತು ಕೇಳಬೇಡಿ, ಚಹಾ ಆರಿಹೋಗುತ್ತದೆ. ನನಗೆ ಇಷ್ಟವಾದ ಕಥೆ ಯೂಲ್‌ಗ್ರೇವ್ ಊರಿನದು: 1829ರಲ್ಲಿ ಕೊಳವೆಯಲ್ಲಿ ನೀರು ಬಂತೆಂದು ಸಂತೋಷಪಟ್ಟು ಅಲ್ಲಿ ಸಿಂಗರಿಸಿದ್ದು ನಲ್ಲಿಯನ್ನು. ತೀರ್ಥಹಳ್ಳಿ ಕಡೆಯವಳಾದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಮ್ಮಲ್ಲಿ ಹಂಡೆಗೇ ಬಳ್ಳಿ ಸುತ್ತಿ ಬೊಟ್ಟಿಡುತ್ತೇವಲ್ಲ.

ಮೊದಲು ಬಟ್ಟೆಯ ಮಾತು. ಆಗುಂಬೆಯ ಮಳೆ ನೋಡಿದವಳು ಎಂಬ ಜಂಬ ನನಗಿತ್ತು. ಇಲ್ಲಿಯ ಮಳೆ ನಮ್ಮದರಂತೆ ಬಂದು ಹೋಗುವುದಿಲ್ಲ. ಗಾಳಿಯೊಂದಿಗೆ ಅಡ್ಡಡ್ಡ ಹಾರುತ್ತ ದಿನವಿಡೀ ಇರುತ್ತದೆ. ಗುಡ್ಡದ ಮೇಲೆ ಕೊಡೆ ಬಿಚ್ಚಿದರೆ ಹೊರಗಿನವರು ಎಂದು ತಕ್ಷಣ ತಿಳಿಯುತ್ತದೆ, ಎರಡು ನಿಮಿಷದಲ್ಲಿ ಕೊಡೆಯೂ ತಿರುಗಿ ನಿಲ್ಲುತ್ತದೆ. ಹಳ್ಳಿಯವರು ಹಾಕುವುದು ಮೇಣ ಸವರಿದ ಹತ್ತಿಯ ಕೋಟು. ನಮ್ಮ ಗೊರಬು, ಕಂಬಳಿ ಕೊಪ್ಪೆಗಳ ಜಾತಿಯದೇ, ಹಳತಾದಷ್ಟೂ ಮರ್ಯಾದೆ. ಹೊಸದಕ್ಕೆ ಇನ್ನೂರು ಪೌಂಡ್ ದಾಟುವುದುಂಟು, ಆದ್ದರಿಂದ ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಹೋಗಿ, ಅದೂ ಅನುಕೂಲಸ್ಥರಿರುವ ಪೇಟೆಯ ಅಂಗಡಿಗೆ. ನನ್ನದಕ್ಕೆ ಕೊಟ್ಟದ್ದು ಇಪ್ಪತ್ತೆರಡು ಪೌಂಡ್. ‘ಯಾರೋ ಹಾಕಿಬಿಟ್ಟ ಬಟ್ಟೆಯನ್ನು ತಂದೆಯಾ?’ ಎಂದು ಅಮ್ಮ ಫೋನಿನಲ್ಲಿ ಮೂರು ದಿನ ಬೈದರು. ಅವರ ಸಮಾಧಾನಕ್ಕೆಂದು ಕೋಟನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದೆ. ಅದು ಮಾಡಬಾರದ ಕೆಲಸ. ಮೇಣವೆಲ್ಲ ಕರಗಿ ಡ್ರಮ್ಮಿಗೆ ಹತ್ತಿತು. ತಿಂಗಳಗಟ್ಟಲೆ ನಮ್ಮ ಮನೆಯವರ ಕಚೇರಿ ಅಂಗಿಗಳೆಲ್ಲ ಹಳೆಯ ಲಾಟೀನಿನಂತೆ ನಾರುತ್ತಿದ್ದವು. ಆ ಕೋಟನ್ನು ತಣ್ಣೀರಿನ ಸ್ಪಂಜಿನಿಂದ ಒರೆಸಬೇಕು, ಅಷ್ಟೇ. ಮೇಣ ಕಡಿಮೆಯಾದರೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಬಟ್ಟೆಯಿಂದ ತಿಕ್ಕಿ ಹಚ್ಚಬೇಕು. ಹೊಲಿಗೆಯ ಸಾಲುಗಳಿಗೆ ಎರಡು ಸಲ.

ಕೆಲಸಕ್ಕೆ ಹೋಗುವಾಗ ಹಳೆಯ ಪ್ಯಾಂಟ್, ಮೇಲಿಂದ ಮೇಲೆ ಹಾಕಿದ ಎರಡು ತೆಳು ಸ್ವೆಟರ್, ಮೊಣಕಾಲಿಗೊಂದು ದಿಂಬು ಇರಲಿ. ಕೊಟ್ಟಿಗೆಯೋ ಹಳೆಯ ಗ್ಯಾರೇಜೋ, ಕಲ್ಲಿನ ನೆಲ, ಬಾಗಿಲು ಸದಾ ತೆರೆದಿರುತ್ತದೆ. ದಳ ಬಾಡಬಾರದಲ್ಲ, ಚಳಿ ನಮಗೆ.

ಹೋದೊಡನೆ ಯಾರಾದರೂ ‘ಆಲ್‌ರೈಟ್?’ ಎನ್ನುತ್ತಾರೆ. ನಿಮ್ಮ ಕ್ಷೇಮಸಮಾಚಾರ ಬೇಕಾಗಿಲ್ಲ. ‘ಆಲ್‌ರೈಟ್’ ಎಂದು ಅದನ್ನೇ ತಿರುಗಿಸಿ ಕೊಟ್ಟರೆ ಸಾಕು. ಹಿರಿಯರಾದರೆ ‘ಎ ಅಪ್, ಮಿ ಡಕ್’ ಎನ್ನಬಹುದು. ಬಸ್ಸಿನ ಚಾಲಕ ಮೊದಲ ಸಲ ನನ್ನನ್ನು ಬಾತುಕೋಳಿ ಎಂದಾಗ ಮುಖ ಕೆಂಪಾಗಿತ್ತು. ಅದು ನಮ್ಮ ‘ಏನವ್ವಾ’ ಇದ್ದಂತೆ, ಗಂಡಸರಿಗೂ ಹೇಳುತ್ತಾರೆ.

ಚಹಾ ಬೇಕೇ ಎಂದು ಕೇಳಿದರೆ ಮೊದಲ ಸಲವೇ ಬೇಕು ಎನ್ನಿ. ನಾನು ನಮ್ಮೂರ ಸಂಕೋಚದಲ್ಲಿ ‘ಬೇಡ, ಬೇಡ, ತೊಂದರೆ ಯಾಕೆ’ ಎಂದೆ. ಇನ್ನೊಮ್ಮೆ ಒತ್ತಾಯ ಮಾಡುತ್ತಾರೆ ಎಂದು ಕಾದೆ. ಯಾರೂ ಮಾಡಲಿಲ್ಲ. ನಾಲ್ಕು ಗಂಟೆ ಬರಿಗೈಯಲ್ಲಿ ಕುಳಿತು ಬೇರೆಯವರ ಕಪ್ಪಿನ ಹಬೆ ನೋಡಿದೆ. ಬೇಡ ಎಂದರೆ ಬೇಡವೇ. ನಿಮ್ಮ ಮಾತನ್ನು ನಂಬುವುದೇ ಅವರ ಮರ್ಯಾದೆ. ಮರುದಿನ ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಹೋಗಿ, ಸರದಿ ಇರುತ್ತದೆ. ನಾನು ಒಯ್ದ ಕೋಡುಬಳೆ ಹತ್ತು ನಿಮಿಷದಲ್ಲಿ ಮುಗಿದು, ಅದರ ಬಳೆಯಾಕಾರ ಚಿತ್ರದ ಅಂಚಿಗೆ ಆಗಬಹುದೇ ಎಂಬ ಚರ್ಚೆಯೂ ನಡೆಯಿತು. ಎಣ್ಣೆ ಬಿಡುತ್ತದೆ ಎಂದು ಕೈಬಿಟ್ಟರು.

ಈಗ ಕೆಲಸ. ಮೊಳೆ ಹೊಡೆದ ಹಲಗೆಗಳನ್ನು ಕೆರೆಯಲ್ಲೋ ಹೊಳೆಯಲ್ಲೋ ಕೆಲವು ದಿನ ನೆನೆಹಾಕಿರುತ್ತಾರೆ, ಒಣಮರ ಮಣ್ಣಿನ ನೀರು ಹೀರಬಾರದೆಂದು. ಜೇಡಿಮಣ್ಣಿಗೆ ನೀರು ಮತ್ತು ಉಪ್ಪು ಸೇರಿಸಿ ತುಳಿದು ಹದ ಮಾಡುತ್ತಾರೆ. ಉಪ್ಪಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಮಣ್ಣು ತುಳಿಯುವುದು ಮಕ್ಕಳ ಪಾಲು, ಆದರೂ ಕೇಳಿದರೆ ನಿಮಗೂ ಬೂಟು ಕೊಡುತ್ತಾರೆ. ಹದವಾದ ಮಣ್ಣನ್ನು ಸುಮಾರು ಒಂದು ಅಂಗುಲ ದಪ್ಪ ಮೆತ್ತಿ, ಮೇಲೆ ಚಿತ್ರ ಬರೆದ ಕಾಗದ ಹಾಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದರೆ ಚುಕ್ಕಿಗಳು ಉಳಿಯುತ್ತವೆ. ಚುಕ್ಕಿ ಕಂಡೊಡನೆ ನನಗೆ ಧೈರ್ಯ ಬಂತು, ಇದು ಗೊತ್ತಿರುವ ವಿದ್ಯೆ ಎಂದು. ಗೆರೆಗೆ ಕಪ್ಪು ಕಾಳು, ಕಾಫಿ ಬೀಜ ಅಥವಾ ಆಲ್ಡರ್ ಮರದ ಪುಟ್ಟ ಕಾಯಿ ಒತ್ತಬೇಕು. ಕಾಫಿ ಬೀಜ ನಮ್ಮ ಚಿಕ್ಕಮಗಳೂರಿನದಲ್ಲ. ಪ್ಯಾಕೆಟ್ ತಿರುಗಿಸಿ ನೋಡಿದೆ.

ಆಮೇಲೆ ದಳ. ಇಲ್ಲಿ ನನ್ನ ಧೈರ್ಯ ಕೈಕೊಟ್ಟಿತು. ರಂಗೋಲಿಗೆ ಬಣ್ಣ ತುಂಬಿದಂತೆ ಮೇಲಿನ ಮೂಲೆಯಿಂದ ಆರಂಭಿಸಿ, ನೀಲಿ ಹೈಡ್ರೇಂಜಿಯ ದಳಗಳನ್ನು ಒಂದು ಅಂಗೈಯಷ್ಟು ಜಾಗಕ್ಕೆ ಒತ್ತಿದ್ದೆ. ಪಕ್ಕದಲ್ಲಿದ್ದಾಕೆ, ಎಪ್ಪತ್ತು ದಾಟಿದವರು, ಕನ್ನಡಕ ಸರಿಮಾಡಿಕೊಂಡು ನೋಡಿ, ‘ಹಾಗೂ ಮಾಡಬಹುದು, ಅದೂ ಒಂದು ರೀತಿ’ ಎಂದರು. ಹೊಗಳಿದರು ಎಂದುಕೊಂಡು ಇನ್ನೊಂದು ಅಂಗೈಯಷ್ಟು ಮಾಡಿದೆ. ಇಂಗ್ಲಿಷರ ಬಾಯಿಂದ ಇಂಥ ಮಾತು ಬಂದರೆ ಕೈ ತಕ್ಷಣ ನಿಲ್ಲಿಸಿ, ಎಲ್ಲಿ ತಪ್ಪಾಯಿತು ಎಂದು ಕೇಳಿ. ಕೇಳಿದ ಮೇಲೆ ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ. ಅವರು ಒಂದು ದಳವನ್ನು ಉಗುರಿನಿಂದ ಎತ್ತಿ, ಕೆಳಗಿನ ಅಂಚಿನಲ್ಲಿ ಒತ್ತಿದರು. ಎರಡನೆಯದನ್ನು ಅದರ ಮೇಲಂಚು ಮುಚ್ಚುವಂತೆ ಇಟ್ಟರು, ಮೂರನೆಯದನ್ನು ಅದರ ಮೇಲೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮಳೆನೀರು ಜಾರಿ ಇಳಿಯಬೇಕು. ಹೆಂಚು! ಮಂಗಳೂರು ಹೆಂಚಿನ ಮಾಡಿನ ಕೆಳಗೆ ಹುಟ್ಟಿ, ಪ್ರತಿ ಬೇಸಗೆಯಲ್ಲೂ ಅಪ್ಪ ಹೆಂಚು ಕೈಯಾಡಿಸುವುದನ್ನು ನೋಡಿ ಬೆಳೆದ ನನಗೆ ಅದು ಹೊಳೆದಿರಲಿಲ್ಲ. ಎರಡು ಗಂಟೆ ಕುಳಿತು ಎಲ್ಲ ಕಿತ್ತು ಮತ್ತೆ ಒತ್ತಿದೆ. ಕೊನೆಯಲ್ಲಿ ಆಕೆ ‘ನಾಟ್ ಬ್ಯಾಡ್’ ಎಂದರು. ಇಲ್ಲಿಯ ತೂಕದಲ್ಲಿ ಅದು ಪ್ರಶಸ್ತಿ.

ನೀರಿಗೆ ಪಾದ್ರಿ ಆಶೀರ್ವಾದ ಮಾಡುವ ದಿನ ಸೀರೆ ಉಡಬಹುದು, ಯಾರೂ ಬೇಡ ಎನ್ನುವುದಿಲ್ಲ. ಒಳಗೆ ಉಣ್ಣೆಯ ಕಾಲುಚೀಲ, ಕಾಲಿಗೆ ಬೂಟು, ಮೇಲೆ ಸ್ವೆಟರ್ ಇರಲಿ. ನೆರಿಗೆಯನ್ನು ಎರಡು ಅಂಗುಲ ಮೇಲೆಯೇ ಕಟ್ಟಿ, ಹುಲ್ಲು ಒದ್ದೆ ಇರುತ್ತದೆ. ಇಲ್ಲಿಯ ಹೆಂಗಸರು ಬರಿಗಾಲಿಗೆ ಚಪ್ಪಲಿ, ತೋಳಿಲ್ಲದ ಹೂವಿನ ಉಡುಪು ಹಾಕಿ ಬಂದಿದ್ದನ್ನು ಕಂಡು ಮೋಸಹೋಗಬೇಡಿ. ಇವರು ಬಟ್ಟೆ ಆರಿಸುವುದು ಪಂಚಾಂಗ ನೋಡಿ, ಹವೆ ನೋಡಿ ಅಲ್ಲ. ಜುಲೈ ಎಂದರೆ ಬೇಸಗೆ, ಹದಿನಾಲ್ಕು ಡಿಗ್ರಿ ಇದ್ದರೂ.

ಆ ಕಡೆ ಹೋದಾಗ ಓಟ್ಸ್ ಹಿಟ್ಟಿನ ಮೆದು ರೊಟ್ಟಿ, ಓಟ್‌ಕೇಕ್, ಕೊಂಡುಕೊಳ್ಳಿ. ಯೀಸ್ಟ್ ಹಾಕಿ ಹುಬ್ಬಿಸಿ ಕಾವಲಿಯ ಮೇಲೆ ಹೊಯ್ದದ್ದು, ಚಟ್ನಿಪುಡಿಗೆ ಚೆನ್ನಾಗಿ ಹೊಂದುತ್ತದೆ. ಬೇಕ್‌ವೆಲ್ ಊರಿನಲ್ಲಿ ಅಲ್ಲಿಯ ಹೆಸರಿನ ಸಿಹಿತಿಂಡಿಯನ್ನು ಟಾರ್ಟ್ ಎನ್ನದೆ ಪುಡಿಂಗ್ ಎಂದೇ ಕೇಳಿ, ಮೊಟ್ಟೆ ತಿನ್ನದವರು ಅದನ್ನೂ ಕೇಳಬೇಡಿ.

ಚಿತ್ರ ಒಂದು ವಾರ ಇರುತ್ತದೆ. ಮಣ್ಣು ಒಣಗಿ ಬಿರುಕು ಬಿಟ್ಟಾಗ ಕೆರೆದು ತೆಗೆಯುವ ದಿನ ಜನ ಕಡಿಮೆ ಬರುತ್ತಾರೆ. ತಪ್ಪದೆ ಆ ದಿನವೂ ಹೋಗಿ. ಬಕೆಟ್ ಮತ್ತು ಕರಣೆ ನಿಮ್ಮದೇ ಒಯ್ಯಿರಿ, ಅಲ್ಲಿರುವವು ಸಾಲುವುದಿಲ್ಲ.