ಛಲವನ್ನು ಅಳೆಯಲು ಹೋದ ನಾನು

ಹಲವು ದೇಶಗಳ ವಿದ್ಯಾರ್ಥಿಗಳು ಒಟ್ಟಿಗೆ ಕೂರುವ ತರಗತಿಗೆ ಗಣಿತ ಕಲಿಸುವುದು ನನ್ನ ವೃತ್ತಿ. ಕಷ್ಟ ಎದುರಾದರೂ ಓದನ್ನು ಕೈಬಿಡದವರು ಯಾರು ಎಂಬುದು ವರ್ಷದ ಮೊದಲಲ್ಲೇ ತಿಳಿದರೆ ಉಳಿದವರ ಕಡೆಗೆ ಹೆಚ್ಚು ಗಮನ ಕೊಡಬಹುದು ಎಂಬ ಆಸೆಯಿಂದ, ಒಂದು ವರ್ಷ ನಾನು ಮನಶ್ಶಾಸ್ತ್ರಜ್ಞೆ ಆಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು ರೂಪಿಸಿದ ‘ಗ್ರಿಟ್’ (ದೂರದ ಗುರಿಯನ್ನು ಬಿಡದೆ ಬೆನ್ನುಹತ್ತುವ ಗುಣ) ಪ್ರಶ್ನಾವಳಿಯನ್ನು ತರಗತಿಯಲ್ಲಿ ಹಂಚಿದೆ. 2007ರಲ್ಲಿ 12 ಹೇಳಿಕೆಗಳೊಂದಿಗೆ ಬಂದ ಇದರ ಕಿರು ರೂಪ 2009ರಲ್ಲಿ ಬಂತು. ಅದರಲ್ಲಿರುವ 8 ಹೇಳಿಕೆಗಳಲ್ಲಿ ಅರ್ಧ ಪಟ್ಟುಹಿಡಿದು ಶ್ರಮಿಸುವುದನ್ನೂ, ಇನ್ನರ್ಧ ಒಂದೇ ಆಸಕ್ತಿಗೆ ದೀರ್ಘಕಾಲ ಅಂಟಿಕೊಳ್ಳುವುದನ್ನೂ ಕುರಿತವು. ಪ್ರತಿ ಹೇಳಿಕೆಗೂ 1ರಿಂದ 5ರವರೆಗಿನ ಒಂದು ಅಂಕ; ಅವುಗಳ ಸರಾಸರಿಯೇ ಕೊನೆಯ ಅಂಕ.

ಪೂರ್ವ ಏಷ್ಯಾದಿಂದ ಬಂದಿದ್ದ ಒಬ್ಬ ಹುಡುಗಿ ಎಂಟಕ್ಕೆ ಎಂಟೂ ಹೇಳಿಕೆಗಳಿಗೆ ನಡುವಿನ 3ನ್ನೇ ಗುರುತು ಮಾಡಿದ್ದಳು. ಸದಾ ಕೈಯೆತ್ತುತ್ತಿದ್ದ, ಮಾತಿನಲ್ಲಿ ಚುರುಕಾಗಿದ್ದ ಅಮೆರಿಕದ ಹುಡುಗನೊಬ್ಬನಿಗೆ 4.5 ಬಂದಿತ್ತು. ಹುಡುಗಿಯನ್ನು ‘ಗಮನ ಬೇಕಾದವರು’ ಎಂಬ ಪಟ್ಟಿಗೆ ಸೇರಿಸಿದೆ. ಮೂರನೆಯ ವಾರ ಅವರ ಅಭ್ಯಾಸ ಪುಸ್ತಕಗಳನ್ನು ಮನೆಗೆ ತಂದು ನೋಡಿದಾಗ ನನ್ನ ಪಟ್ಟಿಯ ಬಗ್ಗೆ ನನಗೇ ನಾಚಿಕೆಯಾಯಿತು. ರೇಖಾಗಣಿತದ ಒಂದೇ ಪ್ರಮೇಯದ ಸಾಧನೆಯನ್ನು ಆಕೆ ಏಳು ಬಾರಿ ಮಾಡಿದ್ದಳು. ತಪ್ಪಿದ ಪ್ರತಿ ಪ್ರಯತ್ನದ ಮೇಲೂ ಅಳತೆಪಟ್ಟಿ ಇಟ್ಟು ಒಂದೇ ಗೆರೆ ಎಳೆದಿದ್ದಳು, ಓದಲಾಗದಂತೆ ಗೀಚಿರಲಿಲ್ಲ. ಹುಡುಗನ ಪುಟದಲ್ಲಿ ಎರಡು ಸಾಲುಗಳಾದ ಮೇಲೆ ಪ್ರಶ್ನಾರ್ಥಕ ಚಿಹ್ನೆಯೊಂದೇ ಇತ್ತು. 3 ಎಂದು ಏಕೆ ಬರೆದೆ ಎಂದು ಆಕೆಯನ್ನು ಕೇಳಿದೆ. “ನನ್ನ ಅಕ್ಕ ನನಗಿಂತ ಬಹಳ ಹೆಚ್ಚು ಶ್ರಮಪಡುತ್ತಾಳೆ, ಸರ್” ಎಂದಳು.

ಆ ಮೇಲೆಯೇ ನಾನು ಸಂಶೋಧನೆಗಳನ್ನು ಓದಲು ಕುಳಿತದ್ದು; ಮೊದಲೇ ಓದಬೇಕಿತ್ತು. ಜಪಾನ್ ಮತ್ತು ಚೀನಾ ಮೂಲದ ವಿದ್ಯಾರ್ಥಿಗಳು ಇಂಥ ಪ್ರಶ್ನಾವಳಿಗಳಲ್ಲಿ ನಡುವಿನ ಅಂಕವನ್ನು ಹೆಚ್ಚಾಗಿ ಆರಿಸುತ್ತಾರೆ, ಅಮೆರಿಕದವರು ತುದಿಯ ಅಂಕಗಳತ್ತ ವಾಲುತ್ತಾರೆ ಎಂಬುದು 1995ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಪ್ರತಿಯೊಬ್ಬರೂ ತಮ್ಮನ್ನು ತಮ್ಮ ಸುತ್ತಲಿನವರ ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳೆಯುವುದರಿಂದ, ಎಲ್ಲರೂ ದುಡಿಯುವ ಮನೆಯ ಹುಡುಗಿಗೆ ತಾನು ಸಾಧಾರಣಳಾಗಿಯೇ ಕಾಣುತ್ತಾಳೆ. ಫಿಲಿಪ್ಪೀನ್ಸ್‌ನ ವಿದ್ಯಾರ್ಥಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು: ಅಲ್ಲಿ ಕಲಿಕೆಯಲ್ಲಿ ತೊಡಗುವಿಕೆಗೆ ನಂಟಿದ್ದುದು ಪಟ್ಟುಹಿಡಿದು ಶ್ರಮಿಸುವುದಕ್ಕೇ ಹೊರತು ಆಸಕ್ತಿ ಬದಲಾಗದಿರುವುದಕ್ಕೆ ಅಲ್ಲ. ಮನೆಯವರ ಅಗತ್ಯಕ್ಕೆ ತಕ್ಕಂತೆ ಗುರಿಯನ್ನು ಬದಲಿಸಿಕೊಳ್ಳುವುದು ವಿವೇಕವೆನಿಸುವ ಕಡೆ, ಬದಲಿಸಿಕೊಂಡವನಿಗೆ ಅಂಕ ಕಳೆಯುವುದು ನ್ಯಾಯವೆಂದು ನನಗೂ ತೋರಲಿಲ್ಲ.

ತೊಡಗುವಿಕೆಯ ವಿಷಯದಲ್ಲೂ ನಾನು ಎಡವಿದ್ದೆ. ನಡವಳಿಕೆ, ಭಾವನೆ, ಆಲೋಚನೆ ಎಂಬ ಮೂರು ಎಳೆಗಳಲ್ಲಿ ಅದನ್ನು ನೋಡಬೇಕೆಂದು 2004ರಿಂದಲೂ ಶಿಕ್ಷಣ ಸಂಶೋಧಕರು ಹೇಳುತ್ತಿರುವಾಗ, ನಾನು ಎಣಿಸುತ್ತಿದ್ದುದು ಮೇಲೆದ್ದ ಕೈಗಳನ್ನು ಮಾತ್ರ.

ಮುಂದೆ ಕನ್ನಡ ಮಾತಾಡುವ ಮಕ್ಕಳಿಗೆಂದು ಪ್ರಶ್ನಾವಳಿಯನ್ನು ಅನುವಾದಿಸಲು ಹೊರಟಾಗ ಶೀರ್ಷಿಕೆಯಲ್ಲೇ ತಡವರಿಸಿದೆ. ‘ಛಲ’ ಎಂದರೆ ದುರ್ಯೋಧನ ಎದುರು ನಿಲ್ಲುತ್ತಾನೆ, ಯಾರನ್ನೋ ಸೋಲಿಸುವ ವಾಸನೆ ಬರುತ್ತದೆ. ‘ಹಠ’ ಎಂದರೆ ಅಳುವ ಮಗು. ಕೊನೆಗೆ ಹೆಸರನ್ನೇ ಕೈಬಿಟ್ಟು, ‘ತಪ್ಪಿದ ಲೆಕ್ಕಕ್ಕೆ ಮರುದಿನ ಮತ್ತೆ ಕೈಹಾಕುತ್ತೇನೆ’ ಎಂಬಂಥ, ಕಣ್ಣಿಗೆ ಕಾಣುವ ಕೆಲಸಗಳನ್ನು ಕೇಳುವ ವಾಕ್ಯಗಳನ್ನು ನಾನೇ ಬರೆದುಕೊಂಡೆ. ಅದು ಡಕ್‌ವರ್ತ್ ಅವರ ಮಾಪಕವಾಗಿ ಉಳಿಯಲಿಲ್ಲ, ನಿಜ; ಆದರೆ ನನ್ನ ತರಗತಿಗೆ ಅದೇ ಹೆಚ್ಚು ಹೊಂದಿತು.

ಈಗ ನಾನು ಒಂದು ದೇಶದವರ ಸರಾಸರಿಯನ್ನು ಇನ್ನೊಂದು ದೇಶದವರದರ ಪಕ್ಕದಲ್ಲಿ ಇಡುವುದಿಲ್ಲ. ಎರಡು ವಾರಕ್ಕೊಮ್ಮೆ ಅಭ್ಯಾಸ ಪುಸ್ತಕ ತೆರೆದು, ತಪ್ಪಾದ ಲೆಕ್ಕಗಳಲ್ಲಿ ಎಷ್ಟಕ್ಕೆ ಮರುಪ್ರಯತ್ನ ನಡೆದಿದೆ ಎಂದು ಎಣಿಸಿ, ಅದೇ ವಿದ್ಯಾರ್ಥಿಯ ಹಿಂದಿನ ಎಣಿಕೆಯೊಂದಿಗೆ ಹೋಲಿಸುತ್ತೇನೆ. ಆಡಳಿತದವರು ಈಗಲೂ ತಲೆಗೊಂದು ಅಂಕ ಕೇಳುತ್ತಾರೆ. ಕಳುಹಿಸುತ್ತೇನೆ, ಪಕ್ಕದ ಅಂಕಣದಲ್ಲಿ ಮರುಪ್ರಯತ್ನಗಳ ಎಣಿಕೆಯನ್ನೂ ಸೇರಿಸಿ. ಹಲವು ಸಾಲುಗಳಲ್ಲಿ ಆ ಎರಡಕ್ಕೂ ತಾಳೆಯಾಗುವುದಿಲ್ಲ.