ಎತೋಶಾದಲ್ಲಿ ವನ್ಯಜೀವಿ ವೀಕ್ಷಣೆ: ನೀರಿನ ಹೊಂಡದ ಬಳಿ ಕಾಯುವ ಕ್ರಮ

ನಮೀಬಿಯಾದ ಉತ್ತರ ಭಾಗದಲ್ಲಿ 22,000 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿರುವ ಎತೋಶಾ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಾಣಿಗಳನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ, ಅವು ಬರುವ ಜಾಗದಲ್ಲಿ ಕಾದು ಕೂರುವುದೇ ಹೆಚ್ಚು ಫಲಕಾರಿ. ಮಳೆ ನಿಂತು ನೆಲದ ನೀರೆಲ್ಲ ಬತ್ತಿದ ಮೇಲೆ ಆನೆ, ಜೀಬ್ರಾ, ಜಿರಾಫೆ, ಉದ್ದಕೊಂಬಿನ ಹುಲ್ಲೆಗಳಾದ ಆರಿಕ್ಸ್‌ಗಳು ಉದ್ಯಾನದೊಳಗಿನ ವಿಶಾಲ ಉಪ್ಪುಬಯಲಿನ ದಕ್ಷಿಣ ಅಂಚಿನ ಕೆಲವೇ ಹೊಂಡಗಳನ್ನು ಆಶ್ರಯಿಸುವುದರಿಂದ, ಪ್ರವಾಸವನ್ನು ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣಕಾಲದಲ್ಲಿ ಇಟ್ಟುಕೊಳ್ಳಬೇಕು. ಜೂನ್, ಜುಲೈ ತಿಂಗಳ ಮುಂಜಾನೆಗಳಲ್ಲಿ ಮೈಕೊರೆಯುವ ಚಳಿಯಿರುತ್ತದೆ. ಉಣ್ಣೆಯ ಬಟ್ಟೆ ಬೇಕೇ ಬೇಕು.

ಒಕಾಕುಯೆಯೊ, ಹಲಾಲಿ, ನಮುಟೋನಿ ಎಂಬ ಮೂರು ಹಳೆಯ ಶಿಬಿರಗಳಲ್ಲಿ ಕೊಠಡಿಗಳು ಬಹು ಮುಂಚಿತವಾಗಿಯೇ ಭರ್ತಿಯಾಗುತ್ತವೆ. ಒಂದೇ ಕಡೆ ಉಳಿಯಬೇಕಾದರೆ ಒಕಾಕುಯೆಯೊ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ರಾತ್ರಿಯಿಡೀ ದೀಪ ಬೆಳಗುವ ಅದರ ಹೊಂಡಕ್ಕೆ ಅಳಿವಿನಂಚಿನ ಕಪ್ಪು ಘೇಂಡಾಮೃಗಗಳು ನೀರಿಗೆ ಬರುವುದು ಸಾಮಾನ್ಯ.

ಬಂಡೀಪುರದ ಸಫಾರಿಗೆ ಅರಣ್ಯ ಇಲಾಖೆಯ ವಾಹನವನ್ನೇ ಅವಲಂಬಿಸುವ ನಮಗೆ, ಬಾಡಿಗೆ ಕಾರನ್ನು ಸ್ವತಃ ಓಡಿಸಿಕೊಂಡು ಕಾಡು ನೋಡಬಹುದೆಂಬುದು ಹೊಸ ಅನುಭವ. ನಮೀಬಿಯಾದಲ್ಲಿಯೂ ವಾಹನಗಳು ಎಡಬದಿಯಲ್ಲೇ ಸಾಗುತ್ತವೆ. ಉದ್ಯಾನದೊಳಗೆ ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಆದರೆ ಜಲ್ಲಿರಸ್ತೆಯಲ್ಲಿ ಅದಕ್ಕೂ ನಿಧಾನವಾಗಿ ಹೋದರೆ ಚಕ್ರಗಳಿಗೂ ಕಣ್ಣಿಗೂ ಅನುಕೂಲ. ಸೂರ್ಯಾಸ್ತಕ್ಕೆ ಶಿಬಿರದ ಬಾಗಿಲು ಮುಚ್ಚುವುದರಿಂದ ಮರಳುವ ದಾರಿಗೆ ಬೇಕಾದ ಸಮಯವನ್ನು ಮೊದಲೇ ಲೆಕ್ಕ ಹಾಕಿರಬೇಕು. ಶಿಬಿರಗಳು ಮತ್ತು ಬೇಲಿ ಹಾಕಿದ ವಿಶ್ರಾಂತಿ ತಾಣಗಳನ್ನು ಬಿಟ್ಟು ಬೇರೆಲ್ಲೂ ವಾಹನದಿಂದ ಇಳಿಯುವಂತಿಲ್ಲ.

ಹೊಂಡದ ಬಳಿ ಸೂರ್ಯನಿಗೆ ಬೆನ್ನು ಹಾಕಿ, ಪ್ರಾಣಿಗಳು ನಡೆದುಬರುವ ಜಾಡಿಗೆ ಅಡ್ಡವಾಗದಂತೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕುಳಿತುಕೊಳ್ಳಬೇಕು. ಬಂದ ಕೂಡಲೇ ಏನೂ ಕಾಣಲಿಲ್ಲವೆಂದು ಹೊರಟುಬಿಡುವವರೇ ಹೆಚ್ಚು. ಕನಿಷ್ಠ ಒಂದು ಗಂಟೆ ಕಾದರೆ ಜೀಬ್ರಾಗಳ ಹಿಂಡು ಹತ್ತಿರ ಬಂದು ನೀರಿಗೆ ಬಾಯಿಡದೆ ಹಿಂಜರಿಯುವುದು ಕಾಣಬಹುದು. ಆಗ ಅವು ನೋಡುತ್ತಿರುವ ದಿಕ್ಕಿಗೆ ದುರ್ಬೀನು ತಿರುಗಿಸಿದರೆ ಪೊದೆಯ ನೆರಳಿನಲ್ಲಿ ಸಿಂಹ ಮಲಗಿರುವ ಸಾಧ್ಯತೆಯುಂಟು. ಉಪ್ಪುಬಯಲಿನ ಅಂಚಿನಲ್ಲೇ ಇರುವ ಒಕೊಂಡೆಕಾ ಹೊಂಡವು ಸಿಂಹಗಳಿಗೆ ಹೆಸರಾಗಿದ್ದು, ಬೆಳಗಿನ ಮೊದಲ ಗಂಟೆಯನ್ನು ಅಲ್ಲಿಗೇ ಮೀಸಲಿಡುವುದು ಒಳ್ಳೆಯದು. ಆನೆಗಳಿಗೆ ನಡುಹಗಲೂ ಸರಿ. ಸುಣ್ಣದ ಮಣ್ಣು ಎರಚಿಕೊಂಡು ಅವು ಬೂದುಬಿಳಿಯಾಗಿ ಕಾಣುತ್ತವೆ.

ಸುಮಾರು 4,800 ಚದರ ಕಿಲೋಮೀಟರ್‌ನ ಉಪ್ಪುಬಯಲನ್ನು ನೋಡಲು ಹಲಾಲಿಗೂ ನಮುಟೋನಿಗೂ ನಡುವೆ ಇರುವ ವೀಕ್ಷಣಾ ಸ್ಥಳಕ್ಕೆ ಹೋಗಬೇಕು. ಬಿರುಬಿಸಿಲಿನಲ್ಲಿ ಅಲ್ಲಿ ಕಣ್ಣು ಕುಕ್ಕುವುದರಿಂದ, ಛಾಯಾಚಿತ್ರ ತೆಗೆಯುವವರು ಬೆಳಗ್ಗೆ ಬೇಗನೆ ತಲುಪುವುದು ಉತ್ತಮ.