ಮೀಸೆ ಉಳಿಸಿಕೊಂಡೇ ಸಿಪ್ಯಾಪ್ ಪಳಗಿಸಿದೆ

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ (ಸ್ಲೀಪ್ ಆಪ್ನಿಯ) ನನಗೆ. ಅದಕ್ಕೆ ಮಾಸ್ಕ್ ಮೂಲಕ ಗಾಳಿ ಊದುವ ಮೆಷಿನ್ ಈ ಸಿಪ್ಯಾಪ್. ನಾಲ್ಕು ತಿಂಗಳು ಅದರ ಜೊತೆ ಒದ್ದಾಡಿದ ಮೇಲೆ ಒಂದು ಬೆಳಿಗ್ಗೆ ಅದರ ಪರದೆಯಲ್ಲಿ ಎಎಚ್‌ಐ 2.6 ಅಂತ ಬಂತು. ನಿದ್ದೆಯಲ್ಲಿ ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಲ್ಲುತ್ತೆ ಇಲ್ಲವೇ ಕುಗ್ಗುತ್ತೆ ಅನ್ನುವ ಲೆಕ್ಕ ಅದು. ಆ ಪರದೆಯ ಫೋಟೋ ತೆಗೆದು ಮೊದಲು ಕಳಿಸಿದ್ದು ಡಾಕ್ಟರಿಗಲ್ಲ, ನನ್ನ ಬಾಮೈದನಿಗೆ. "ಭಾವ, ಇದು ಮೂರೇ ತಿಂಗಳು, ಆಮೇಲೆ ಅಟ್ಟದ ಮೇಲೆ ಜ್ಯೂಸರ್ ಪಕ್ಕ ಹೋಗಿ ಕೂರುತ್ತೆ ನೋಡ್ತಿರಿ" ಅಂದಿದ್ದವನು ಅವನೇ.

ತಿಪಟೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ವಯಸ್ಸು 49, ತೂಕ 94ರ ಆಸುಪಾಸು. ಮಧ್ಯಾಹ್ನ ಕಾಯಿಲ್ ಸುತ್ತುತ್ತಾ ಸುತ್ತುತ್ತಾ ತೂಕಡಿಕೆ ಬಂದು, ಎಷ್ಟು ಸುತ್ತಾಯಿತು ಅಂತ ಗೊತ್ತಾಗದೆ ತಂತಿ ಎಲ್ಲ ಬಿಚ್ಚಿ ಮತ್ತೆ ಸುತ್ತಿದ್ದು ಎಷ್ಟು ಸಲವೋ. ಬೆಂಗಳೂರಿನಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದಾಗ ಎಎಚ್‌ಐ 47 ಬಂತು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ನೆನಪಿದ್ದಷ್ಟು. ಸ್ಲೀಪ್ ಸ್ಟಡಿ 12 ಸಾವಿರ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಸಮೇತ, ಪ್ರೆಶರ್ ತಾನೇ ಹೊಂದಿಸಿಕೊಳ್ಳುವ ಆಟೋ ಮೆಷಿನ್ 58 ಸಾವಿರ ಚಿಲ್ಲರೆ. ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಏಳೂವರೆ ಸಾವಿರ. ಅದು ಸರಿಹೋಗಲಿಲ್ಲ ಅಂತ ಮೂಗು ಮಾತ್ರ ಮುಚ್ಚುವ ನೇಸಲ್ ಮಾಸ್ಕ್, ಐದೂವರೆಯೋ ಏನೋ. ಅದೂ ಸರಿಹೋಗದೆ ಮೂಗಿನ ಹೊಳ್ಳೆಗೆ ಕೂರುವ ನೇಸಲ್ ಪಿಲ್ಲೋ, ಆರು ಸಾವಿರ. ಬಾಯಿ ತೆರೆಯದಂತೆ ಗದ್ದಕ್ಕೆ ಕಟ್ಟುವ ಪಟ್ಟಿ 900, ಅದು ಶುದ್ಧ ದಂಡ. ವಿಮೆಯವರು ಮೆಷಿನ್‌ಗೆ ಒಂದು ಪೈಸೆ ಕೊಡಲಿಲ್ಲ. ಒಟ್ಟು 90 ಸಾವಿರ. ಒಂದು ಬೈಕಿನ ದುಡ್ಡನ್ನು ಮುಖಕ್ಕೆ ಕಟ್ಟಿಕೊಂಡು ಮಲಗುತ್ತೇನೆ ಅಂತ ಹೆಂಡತಿ ಆಡಿಕೊಳ್ಳುತ್ತಾಳೆ.

ಮೆಷಿನ್ ಕೊಟ್ಟವನು 4ರಿಂದ 20 ಅಂತ ಪ್ರೆಶರ್ ಇಟ್ಟು, ರ‍್ಯಾಂಪ್ (ಪ್ರೆಶರನ್ನು ಕಮ್ಮಿಯಿಂದ ನಿಧಾನಕ್ಕೆ ಏರಿಸುವ ವ್ಯವಸ್ಥೆ) ಆನ್ ಮಾಡಿ ಹೋಗಿದ್ದ. 4ರಲ್ಲಿ ಉಸಿರೇ ಸಾಲದು. ಬಾವಿಯೊಳಗೆ ಇಳಿದ ಹಾಗೆ ಆಗಿ 40 ನಿಮಿಷಕ್ಕೆ ಕಿತ್ತೆಸೆದೆ. ಆಮೇಲೆ ಹೇಗೋ ನಿದ್ದೆ ಹತ್ತಿದರೂ ರಾತ್ರಿ ಎರಡೂವರೆಗೆಲ್ಲ ಕೈ ತಾನಾಗೇ ಮಾಸ್ಕ್ ಬಿಚ್ಚುತ್ತಿತ್ತು. ಬೆಳಿಗ್ಗೆ ನೋಡಿದರೆ ಮಾಸ್ಕ್ ಮಂಚದ ಕೆಳಗೆ. ಮೆಷಿನ್ ಪಾಡಿಗೆ ಮೆಷಿನ್ ಬುಸ್ ಅಂತ ಊದುತ್ತಿತ್ತು. ಮೊದಲ ವಾರದ ಸರಾಸರಿ ಒಂದೂವರೆ ಗಂಟೆ. ಲೀಕ್ (ಮಾಸ್ಕಿನಿಂದ ನಿಮಿಷಕ್ಕೆ ಸೋರುವ ಗಾಳಿ, ಲೀಟರ್ ಲೆಕ್ಕದಲ್ಲಿ) 50, 60. ನಮ್ಮ ಮೆಷಿನ್‌ನಲ್ಲಿ 24 ದಾಟಿದರೇ ಕೆಂಪು.

"ಸಾರ್, ಮೀಸೆ ತೆಗೀರಿ" ಅಂದ ಮೆಷಿನ್ ಕೊಟ್ಟವನು. ಡಾಕ್ಟರೂ ಅದನ್ನೇ ಸ್ವಲ್ಪ ಮರ್ಯಾದೆಯಾಗಿ ಹೇಳಿದರು. ನಾನು ಪಟ್ಟಿ ಬಿಗಿ ಮಾಡಿದೆ. ಲೀಕ್ ಕಮ್ಮಿಯಾಗಲಿಲ್ಲ, ಮೂಗಿನ ಮೇಲೆ ಗಾಯವಾಯಿತು. ಅಂಗಡಿಗೆ ಬಂದವರೆಲ್ಲ "ಯಾರ ಜೊತೆ ಹೊಡೆದಾಡಿದೆ?" ಅಂತ ಕೇಳುವವರೇ.

ಪಂಪು ನೀರೆತ್ತದಿದ್ದರೆ ನಾವು ಮೋಟಾರಿನ ಎಚ್‌ಪಿ ಜಾಸ್ತಿ ಮಾಡುತ್ತೇವಾ? ಫುಟ್‌ವಾಲ್ವ್ ನೋಡುತ್ತೇವೆ, ಜಾಯಿಂಟ್‌ನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡುತ್ತೇವೆ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ನನ್ನ ಮುಖದ ವಿಷಯಕ್ಕೆ ಬಂದಾಗ ಮರೆತೇ ಹೋಗಿತ್ತು. ಒಂದು ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗಿದೆ. ಕೂತಾಗ ಇರುವ ಮುಖವೇ ಬೇರೆ, ಮಲಗಿದಾಗ ಕೆನ್ನೆ ಜಾರುವ ಮುಖವೇ ಬೇರೆ, ಹಾಗಾಗಿ ಮಲಗಿಯೇ ನೋಡಬೇಕು. ಹೆಂಡತಿ ಊದುಬತ್ತಿ ಹಚ್ಚಿ ಮಾಸ್ಕ್ ಅಂಚಿನ ಸುತ್ತ ನಿಧಾನಕ್ಕೆ ಹಿಡಿದುಕೊಂಡು ಬಂದಳು. ಕಣ್ಣಿನ ಕೆಳಗೆ ಹೊಗೆ ನೆಟ್ಟಗೆ ಮೇಲೆ ಹೋಯಿತು. ಕೆನ್ನೆ ಹತ್ತಿರವೂ ಅಷ್ಟೆ. ಮೀಸೆಯ ಎಡತುದಿಗೆ ಬಂದಾಗ ಹೊಗೆ ಫಟ್ಟಂತ ಚದುರಿತು. ಬೂದಿ ಬಿದ್ದಿದ್ದು ನನ್ನ ಬನಿಯನ್ ಮೇಲೆ. ಅವಳು ಅಲ್ಲಿ ಬೆರಳಿಟ್ಟು ಒತ್ತಿದಳು, ಸಿಲಿಕಾನ್ ಜಾರಿತು. "ರೀ, ಎಣ್ಣೆ!" ಅಂದಳು.

ತಿಪಟೂರಿನವನು ನಾನು. ರಾತ್ರಿ ಮಲಗುವ ಮುಂಚೆ ಮೀಸೆಗೆ ಕೊಬ್ಬರಿ ಎಣ್ಣೆ ಸವರೋದು ನಮ್ಮಪ್ಪನ ಕಾಲದಿಂದ ಬಂದ ಅಭ್ಯಾಸ. ಅದನ್ನು ಬೆಳಿಗ್ಗೆಗೆ ಬದಲಾಯಿಸಿದೆ. ರಾತ್ರಿ ಸೋಪು ಹಾಕಿ ಮುಖ ತೊಳೆದು, ಮಾಸ್ಕಿನ ಕುಶನ್ ಕೂಡ ದಿನಾ ತೊಳೆಯಲು ಶುರು ಮಾಡಿದೆ. ಒಂದೇ ವಾರಕ್ಕೆ ಲೀಕ್ 30ರ ಹತ್ತಿರ ಇಳಿಯಿತು. ಆದರೆ ಅಲ್ಲೇ ನಿಂತಿತು. ಕೂದಲಿನ ಮೇಲೆ ಸಿಲಿಕಾನ್ ಎಷ್ಟು ಅಂತ ಕೂರುತ್ತೆ?

ನಡುವೆ ನೇಸಲ್ ಮಾಸ್ಕ್ ತಂದೆ. ಅದರ ಕೆಳಗಿನ ಅಂಚೂ ಮೀಸೆ ಮೇಲೇ ಕೂರುತ್ತೆ ಅನ್ನೋದು ಐದೂವರೆ ಸಾವಿರ ಕೊಟ್ಟ ಮೇಲೆ ಹೊಳೆಯಿತು. ಹಾಗಾದರೆ ಮೂಗಿನ ಹೊಳ್ಳೆಗೇ ಕೂರುವ ಪಿಲ್ಲೋ ಸರಿ ಅಂತ ಲೆಕ್ಕ ಹಾಕಿದೆ. "ನೀವು ಬಾಯಲ್ಲಿ ಉಸಿರಾಡೋರು, ನಿಮಗಾಗಲ್ಲ" ಅಂತ ಎಲ್ಲರೂ ಒಂದೇ ರಾಗ. ನಾನು ಬಾಯಲ್ಲಿ ಉಸಿರಾಡುತ್ತಿದ್ದಿದ್ದು ಮೂಗು ಕಟ್ಟುತ್ತಿದ್ದರಿಂದ. ಡಾಕ್ಟರನ್ನು ಕೇಳಿ, ಕುದಿಸಿ ಆರಿಸಿದ ನೀರಲ್ಲಿ ಸಲೈನ್ ಪುಡಿ ಹಾಕಿ ದಿನಾ ರಾತ್ರಿ ಮೂಗು ತೊಳೆದೆ. ಸಂಜೆ ಸೀರಿಯಲ್ ಹೊತ್ತಿಗೆ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಟಿವಿ ಮುಂದೆ ಕೂತೆ. ಮಾತಾಡಲು ಬಾಯಿ ತೆರೆದರೆ ಗಾಳಿ ಅಲ್ಲಿಂದಲೇ ನುಗ್ಗುತ್ತೆ, ಹಾಗಾಗಿ ಬಾಯಿ ಮುಚ್ಚಿಕೊಂಡಿರೋದು ತಾನಾಗೇ ಬಂತು. ಮನೆಯವರಿಗೆ ಅದೇ ದೊಡ್ಡ ಲಾಭ. ಮೂರು ವಾರಕ್ಕೆ ನಿದ್ದೆಯಲ್ಲೂ ಬಾಯಿ ಮುಚ್ಚತೊಡಗಿತು. ಲೀಕ್ ಈಗ ಹತ್ತು, ಹನ್ನೆರಡು. ಪಟ್ಟಿ ಜಾರದಂತೆ ಹಿಂದೆ ಒಂದು ಗಂಟು ಹಾಕುತ್ತೇನೆ. ಅದನ್ನು ಬರೆದು ತೋರಿಸೋಕೆ ಆಗಲ್ಲ, ಅಂಗಡಿಗೆ ಬನ್ನಿ.

ಪ್ರೆಶರ್ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಿ ಒಂದು ವಾರ ಕೆಟ್ಟೆ. ಯಾರನ್ನೂ ಕೇಳದೆ ಕನಿಷ್ಠ 11ಕ್ಕೆ ಏರಿಸಿದೆ. ಹೊಟ್ಟೆ ತುಂಬ ಗಾಳಿ, ದಿನವಿಡೀ ತೇಗು. ಮಗಳ ಲ್ಯಾಪ್‌ಟಾಪ್‌ನಲ್ಲಿ ಮೆಷಿನ್ ದಾಖಲೆ ಓದುವ ಆಸ್ಕರ್ ಸಾಫ್ಟ್‌ವೇರ್ ಹಾಕಿ ಎಸ್‌ಡಿ ಕಾರ್ಡ್ ನೋಡಿದರೆ, ಗಂಟಲು ಮುಚ್ಚಿಕೊಳ್ಳುವುದು ಕಮ್ಮಿಯಾಗಿ, ಗಂಟಲು ತೆರೆದಿದ್ದರೂ ಉಸಿರೇ ಎಳೆಯದೆ ಸುಮ್ನಿರುವುದು ಜಾಸ್ತಿಯಾಗಿತ್ತು. ಚಾರ್ಟ್ ಪ್ರಿಂಟ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಬೈದರು. ಬೈದು, 7ರಿಂದ 12 ಇಟ್ಟು, ರ‍್ಯಾಂಪ್ ತೆಗೆದು, ಇಪಿಆರ್ (ಉಸಿರು ಬಿಡುವಾಗ ಪ್ರೆಶರ್ ಇಳಿಸುವುದು) 3 ಮಾಡಿಕೊಟ್ಟರು. ಅವತ್ತಿನಿಂದ ತೇಗು ನಿಂತಿತು. ಈಗ 95 ಪರ್ಸೆಂಟ್ ಪ್ರೆಶರ್ (ನೂರಕ್ಕೆ 95 ಪಾಲು ಹೊತ್ತು ಇದನ್ನು ದಾಟಲ್ಲ) ಹತ್ತೂವರೆ ಆಸುಪಾಸು, ದಿನಕ್ಕೆ ಆರೂವರೆ ಗಂಟೆ ಬಳಕೆ.

ಬೇರೆ ಪ್ರಯೋಗಗಳೂ ನಡೆದವು. ಬನಿಯನ್ ಬೆನ್ನಿಗೆ ಟೆನಿಸ್ ಬಾಲ್ ಹೊಲಿಸಿಕೊಂಡೆ. ಅಂಗಾತ ಮಲಗೋದು ತಪ್ಪಿತು, ಬೆನ್ನುನೋವು ಬಂತು. ಶಂಖ ಊದಿದರೆ ಒಳ್ಳೆಯದಂತೆ, ಜೈಪುರದಲ್ಲಿ ಸಣ್ಣದೊಂದು ಅಧ್ಯಯನ ಆಗಿದೆ, 2025ರಲ್ಲಿ ಸುದ್ದಿಯಾಗಿತ್ತು. ಹಾಗಂತ ದೇವರ ಕೋಣೆಯ ಶಂಖ ಎತ್ತಿಕೊಂಡೆ. ಹತ್ತು ದಿನಕ್ಕೆ ಪಕ್ಕದ ಮನೆಯವರು ಬಂದು "ಏನಾದ್ರೂ ವ್ರತಾನಾ?" ಅಂತ ವಿಚಾರಿಸಿದರು. ಅಲ್ಲಿಗೆ ಬಿಟ್ಟೆ.

ನಮ್ಮ ಬೋರ್ ನೀರು ಹ್ಯೂಮಿಡಿಫೈಯರ್‌ಗೆ ಹಾಕಿದ್ದಕ್ಕೆ ವಾರದಲ್ಲಿ ತಳದಲ್ಲಿ ಬಿಳೀ ಪದರ ಕಟ್ಟಿತು. ವಿನಿಗರ್ ಹಾಕಿ ಬಿಡಿಸಿದೆ. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ. ಡಿಸೆಂಬರ್‌ನಲ್ಲಿ ಪೈಪಿನೊಳಗೆ ನೀರು ಹನಿಗಟ್ಟಿ ಮೂಗಿಗೇ ಬಂತು. ಬಿಸಿ ಪೈಪಿಗೆ ನಾಲ್ಕೈದು ಸಾವಿರ ಹೇಳಿದರು. ಹಳೇ ಶಾಲು ಕತ್ತರಿಸಿ ಪೈಪಿಗೆ ಗವಸು ಹೊಲಿಸಿ, ಮೆಷಿನನ್ನು ಮಂಚಕ್ಕಿಂತ ಕೆಳಗೆ ಒಂದು ಮಣೆ ಮೇಲೆ ಇಟ್ಟೆ. ಖರ್ಚು 40 ರೂಪಾಯಿ.

ಕರೆಂಟ್ ಹೋದರೆ ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ. ಹ್ಯೂಮಿಡಿಫೈಯರ್ ಆಫ್ ಮಾಡಿದರೆ ಮೆಷಿನ್ ಎಳೆಯುವ ಕರೆಂಟ್ ತುಂಬಾ ಕಮ್ಮಿ, ರಾತ್ರಿ ಪೂರ್ತಿ ಬರುತ್ತೆ. ನಡುವೆ ಏನು ಹಾಕಿದ್ದೇನೆ ಅಂತ ಇಲ್ಲಿ ಬರೆಯಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದರೆ 58 ಸಾವಿರ ಹೊಗೆ, ಆಮೇಲೆ ನನ್ನನ್ನು ಬೈಯಬೇಡಿ.

ಪ್ರವಾಸಕ್ಕೆ ಹೋಗುವವರು ಆರು ಮೀಟರಿನ ಎಕ್ಸ್‌ಟೆನ್ಶನ್ ವೈರ್ ಇಟ್ಟುಕೊಳ್ಳಿ. ನಾನು ಮೂರು ಮೀಟರಿಂದು ತಗೊಂಡು ಹೋಗಿ, ಛತ್ರದ ಕೋಣೆಯಲ್ಲಿ ಪ್ಲಗ್ ಬಾಗಿಲ ಹತ್ತಿರವೇ ಇದ್ದಿದ್ದರಿಂದ ರಾತ್ರಿಯೆಲ್ಲ ಹೊಸಿಲಿಗೆ ತಲೆ ಕೊಟ್ಟು ಮಲಗಿದ್ದೆ. ಬೆಳಗಿನ ಜಾವ ಸ್ನಾನಕ್ಕೆ ಎದ್ದವರೆಲ್ಲ ಪೈಪ್ ದಾಟಿಕೊಂಡು ಹೋದರು.